ತುರ್ತು ಸೇವೆಯವರ ಮನಸ್ಸಿಗೆ ಆಸರೆ

ಬೆಂಕಿ, ಅಪಘಾತ, ಕೊಲೆ, ನೆರೆ ನಡೆದ ಜಾಗಕ್ಕೆ ಮೊದಲು ತಲುಪುವವರು ಅಗ್ನಿಶಾಮಕ, ಪೊಲೀಸ್ ಮತ್ತು ಆಂಬುಲೆನ್ಸ್ ಸಿಬ್ಬಂದಿ. ಖಿನ್ನತೆಯೂ, ವೈದ್ಯರು ಪಿಟಿಎಸ್‌ಡಿ ಎನ್ನುವ ಆಘಾತೋತ್ತರ ಒತ್ತಡದ ಕಾಯಿಲೆಯೂ ಇವರಲ್ಲಿ ಜನಸಾಮಾನ್ಯರಿಗಿಂತ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ರುಡರ್‌ಮನ್ ಕುಟುಂಬ ಪ್ರತಿಷ್ಠಾನ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2017ರಲ್ಲಿ ಅಮೆರಿಕದಲ್ಲಿ ಕರ್ತವ್ಯದ ವೇಳೆ ಸತ್ತ ಅಗ್ನಿಶಾಮಕರು 93, ಪೊಲೀಸರು 129. ಅದೇ ವರ್ಷ ಆತ್ಮಹತ್ಯೆಯಿಂದ ತೀರಿಕೊಂಡವರು 103 ಅಗ್ನಿಶಾಮಕರು, 140 ಪೊಲೀಸರು. ಎಷ್ಟೋ ಸಾವುಗಳನ್ನು ಮನೆಯವರೂ ಇಲಾಖೆಯೂ ಹೊರಗೆ ಹೇಳುವುದಿಲ್ಲವಾದ್ದರಿಂದ ನಿಜವಾದ ಲೆಕ್ಕ ಇದಕ್ಕೂ ದೊಡ್ಡದಿರಬೇಕು.

ಅಪಾಯ ಎದುರಾದಾಗ ಮಿದುಳಿನ ಅಮಿಗ್ಡಲಾ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ರಕ್ತಕ್ಕಿಳಿದು ಎದೆಬಡಿತ ಏರುತ್ತದೆ. ಅಪಾಯ ಸರಿದ ಮೇಲೆ ಈ ಉದ್ವೇಗ ಇಳಿಯಬೇಕು. ಕರೆಯ ಮೇಲೆ ಕರೆ ಬರುವ ಕೆಲಸದಲ್ಲಿ, ರಾತ್ರಿ ಪಾಳಿಯ ನಿದ್ದೆಗೇಡೂ ಸೇರಿ, ಅದು ಪೂರ್ತಿ ಇಳಿಯದೆ ಉಳಿಯಬಹುದು. ಪಿಟಿಎಸ್‌ಡಿ ಕಾಡಿದವರಿಗೆ ಕಂಡದ್ದು ಕೆಟ್ಟ ಕನಸಾಗಿ ಮರಳುತ್ತದೆ, ಸಣ್ಣ ಸದ್ದಿಗೂ ಮೈ ಬೆಚ್ಚುತ್ತದೆ, ಘಟನೆ ನಡೆದ ರಸ್ತೆಯನ್ನೇ ಬಿಟ್ಟು ಸುತ್ತುಬಳಸಿ ಹೋಗುವಂತಾಗುತ್ತದೆ. ಹಾಗೆಂದು ಘೋರ ದೃಶ್ಯಗಳೇ ಎಲ್ಲಕ್ಕೂ ಮೂಲವಲ್ಲ. ಮೇಲಧಿಕಾರಿಯ ಕಿರುಕುಳ, ಸಿಗದ ರಜೆ, ಸಾಲ, ಕುಡಿತ, ಸಂಸಾರದ ಬಿರುಕುಗಳೂ ಕೂಡಿಕೊಳ್ಳುತ್ತವೆ. ಆತ್ಮಹತ್ಯೆಗೆ ಒಂದೇ ಕಾರಣ ಹುಡುಕುವುದು ತಪ್ಪುದಾರಿ. ನೆರವು ಕೇಳಿದರೆ ಕೈಲಾಗದವನೆಂಬ ಹೆಸರು ಬಂದೀತು, ಬಡ್ತಿ ತಪ್ಪೀತು ಎಂಬ ಭಯ ಬಾಯಿ ಕಟ್ಟಿಹಾಕುತ್ತದೆ.

ಪರಿಹಾರದ ಹುಡುಕಾಟದಲ್ಲಿ ಒಂದು ದೊಡ್ಡ ಅಡ್ಡದಾರಿಯೂ ಇತ್ತು. ಹಿಂದೆ ಅಗ್ನಿಶಾಮಕರಾಗಿದ್ದ ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ಒಂದು ಕ್ರಮ ಸೂಚಿಸಿದರು: ಘೋರ ಘಟನೆಯಾದ ಕೆಲವೇ ದಿನಗಳಲ್ಲಿ ತಂಡವನ್ನೆಲ್ಲ ಕೂರಿಸಿ, ಕಂಡದ್ದು, ಅನಿಸಿದ್ದು ಎಲ್ಲವನ್ನೂ ಹೇಳಿಸುವುದು. ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂಬ ನಂಬಿಕೆ ಎಲ್ಲರಿಗೂ ಒಪ್ಪಿಗೆಯಾಗುವಂಥದ್ದೇ. ಕ್ರಮ ಜಗತ್ತಿನಾದ್ಯಂತ ಹಬ್ಬಿತು. ಆದರೆ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ 2002ರ ಪರಾಮರ್ಶೆ ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ, ಆಘಾತದ ಬೆನ್ನಲ್ಲೇ ನಡೆಸುವ ಒಂದೇ ಸಲದ ಮಾತುಕತೆ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲವೆಂದು ಕಂಡಿತು. ಸುಟ್ಟಗಾಯದ ರೋಗಿಗಳ ಮೇಲಿನ ಒಂದು ಪ್ರಯೋಗದಲ್ಲಂತೂ, ವರ್ಷ ಕಳೆದ ಮೇಲೆ, ಮಾತಾಡಿಸಿದವರ ಸ್ಥಿತಿಯೇ ಕೆಟ್ಟಿತ್ತು. ಆ ಪ್ರಯೋಗಗಳು ಬಹುಪಾಲು ಆಘಾತಕ್ಕೊಳಗಾದ ಒಬ್ಬೊಬ್ಬರ ಮೇಲೆ ನಡೆದವು, ತುರ್ತು ಸೇವೆಯ ತಂಡಗಳ ಮೇಲಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಕಡ್ಡಾಯವಾಗಿ ಬಾಯಿ ಬಿಡಿಸುವುದನ್ನು ಈಗ ಯಾವ ಪ್ರಮುಖ ಮಾರ್ಗಸೂಚಿಯೂ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕೈಪಿಡಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯಲ್ಲಿ ಸುರಕ್ಷಿತ ಜಾಗ, ಊಟ, ನಿದ್ದೆ, ಹೇಳಬಯಸಿದರೆ ಕೇಳುವ ಕಿವಿ ಇವಿಷ್ಟೇ ಮೊದಲ ಹೆಜ್ಜೆ. ತಿಂಗಳು ಕಳೆದರೂ ಲಕ್ಷಣ ಹೋಗದವರಿಗೆ ಆಘಾತಕ್ಕೆಂದೇ ರೂಪಿಸಿದ ಮನೋಚಿಕಿತ್ಸೆ ಬೇಕು.

ಆತ್ಮಹತ್ಯೆ ತಡೆಯಲ್ಲಿ ಹೆಚ್ಚು ಉಲ್ಲೇಖವಾಗುವುದು ಕೆನಡಾದ ಮಾಂಟ್ರಿಯಲ್ ಪೊಲೀಸರ ಉದಾಹರಣೆ. 1997ರಲ್ಲಿ ಅಲ್ಲಿ ಶುರುವಾದ ‘ಬದುಕಿಗಾಗಿ ಜೊತೆಯಾಗಿ’ ಎಂಬರ್ಥದ ಹೆಸರಿನ ಕಾರ್ಯಕ್ರಮ ಬಳಲಿದವರನ್ನು ಆರಿಸಿ ವೈದ್ಯರ ಬಳಿಗೆ ಅಟ್ಟಲಿಲ್ಲ, ಇಡೀ ಇಲಾಖೆಯನ್ನೇ ತಿದ್ದಲು ಹೊರಟಿತು. ಪೇದೆಗಳಾದಿಯಾಗಿ ಎಲ್ಲರಿಗೂ ಅರ್ಧ ದಿನದ ತರಬೇತಿ: ಸಹೋದ್ಯೋಗಿಯಲ್ಲಿ ಅಪಾಯದ ಸೂಚನೆ ಕಂಡರೆ ಹೇಗೆ ಗುರುತಿಸುವುದು, ಹೇಗೆ ಕೇಳುವುದು. ಮೇಲ್ವಿಚಾರಕರಿಗೂ ಕಾರ್ಮಿಕ ಸಂಘದ ಪ್ರತಿನಿಧಿಗಳಿಗೂ ಪೂರ್ತಿ ದಿನದ್ದು. ಜೊತೆಗೆ ಪೊಲೀಸರೇ ಸ್ವಯಂಸೇವಕರಾಗಿ ಕರೆ ಸ್ವೀಕರಿಸುವ ಗೋಪ್ಯ ದೂರವಾಣಿ. 12 ವರ್ಷಗಳಲ್ಲಿ ಲಕ್ಷಕ್ಕೆ ಸುಮಾರು 30 ಇದ್ದ ವಾರ್ಷಿಕ ಆತ್ಮಹತ್ಯೆ ಪ್ರಮಾಣ 6.4ಕ್ಕೆ, ಎಂದರೆ ಶೇ 79ರಷ್ಟು, ಇಳಿಯಿತು. ಈ ತರಬೇತಿಯಿಲ್ಲದ ಕ್ವಿಬೆಕ್ ಪ್ರಾಂತ್ಯದ ಇತರ ಪೊಲೀಸರಲ್ಲಿ ಅದು 29 ಇತ್ತು. ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ, ಸಾವುಗಳ ಸಂಖ್ಯೆಯೂ ಚಿಕ್ಕದು. ಆದ್ದರಿಂದ ಇಳಿಕೆಯ ಶ್ರೇಯಸ್ಸೆಲ್ಲ ಕಾರ್ಯಕ್ರಮದ್ದೇ ಎನ್ನಲಾಗದು. ಆದರೂ ಇಷ್ಟು ದೀರ್ಘ ಹೋಲಿಕೆ ಬೇರೆಡೆ ಅಪರೂಪ. ಸಮವಸ್ತ್ರದವನ ಕಷ್ಟ ಸಮವಸ್ತ್ರದವನಿಗೇ ಬೇಗ ಅರ್ಥವಾಗುತ್ತದೆ ಎಂಬ ಲೆಕ್ಕಾಚಾರ ಅಲ್ಲಿ ಫಲಿಸಿದಂತೆ ಕಾಣುತ್ತದೆ.

ಸಂಕಟದ ತೀವ್ರ ಗಳಿಗೆ ಸಾಮಾನ್ಯವಾಗಿ ಬಹಳ ಹೊತ್ತು ಇರುವುದಿಲ್ಲ. ಆ ಅವಧಿಯಲ್ಲಿ ಸೇವಾ ಆಯುಧ ಕೈಗೆ ಸಿಗದಂತೆ ಇಡುವುದರಿಂದ ಜೀವ ಉಳಿಯಬಹುದು. ಅದನ್ನು ಶಿಕ್ಷೆಯಂತೆ ಕಿತ್ತುಕೊಂಡರೆ ಮಾತ್ರ ಮುಂದಿನವನು ಬಾಯಿಯೇ ಬಿಡುವುದಿಲ್ಲ. ಕಾನೂನೂ ನಿಧಾನವಾಗಿ ಬದಲಾಗುತ್ತಿದೆ. ಕೆಲಸದ ಆಘಾತದಿಂದಾದ ಆತ್ಮಹತ್ಯೆಗಳಲ್ಲಿ ಕುಟುಂಬಕ್ಕೆ ಕರ್ತವ್ಯದಲ್ಲಿ ಮಡಿದವರಿಗೆ ಸಲ್ಲುವ ಪರಿಹಾರ ಸಿಗಲು ಅಮೆರಿಕ 2022ರಲ್ಲಿ ದಾರಿ ಮಾಡಿತು. ಭಾರತದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯ ಬದಲು ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ.

ಇಲ್ಲಿ ಸದ್ಯಕ್ಕೆ ಸುಲಭವಾಗಿ ಕೈಗೆಟಕುವ ನೆರವು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೂ ಮಾತಾಡಬಹುದು. ಕರೆ ಮಾಡುವವರು ಪೊಲೀಸರಿರಲಿ, ಆಂಬುಲೆನ್ಸ್ ಚಾಲಕರಿರಲಿ, ಅವರ ಬಗ್ಗೆ ಚಿಂತೆಯಾದ ಮನೆಯವರಿರಲಿ, ಸಂಖ್ಯೆ ಒಂದೇ.