ಟೀ ಪಾಟ್ ಕಲಿಸುವ ಗಣಿತ

ಇಂದು ನಮ್ಮ ಎಷ್ಟೋ ಹೆಣ್ಣು ಮಕ್ಕಳು ಕಂಪ್ಯೂಟರ್ ಸಯನ್ಸ್ ಓದುತ್ತಿದ್ದಾರೆ. ಅವರಲ್ಲಿ ಅನೇಕರನ್ನು ಬೆದರಿಸುವ ವಿಷಯಗಳಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕೂಡಾ ಒಂದು. ಲೆಕ್ಕಗಳಿಂದ ಚಿತ್ರ ಮೂಡಿಸುವ ವಿದ್ಯೆಯಿದು. ಕರಿಹಲಗೆಯ ತುಂಬಾ ಮ್ಯಾಟ್ರಿಕ್ಸ್‌ಗಳನ್ನು ಕಂಡಾಗ 'ಇದು ನನ್ನಿಂದಾಗದು' ಎಂದು ಮಗಳು ಕೈಚೆಲ್ಲುತ್ತಾಳೆ. ಒಂದು ಪೇಪರ್ ಫೇಲಾದರೆ ಸಾಕು, 'ಓದಿದ್ದು ಸಾಕು' ಎನ್ನುವವರು ಮನೆಯಲ್ಲೇ ಇರುತ್ತಾರೆ.

ಈ ಭಯ ಕಳೆಯಲು ಅಧ್ಯಾಪಕರಿಗೆ ನೆರವಾದದ್ದು ಚಹಾದ ಮೇಜಿನ ಒಂದು ವಸ್ತು! 1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿದ್ದ ಮಾರ್ಟಿನ್ ನ್ಯೂವೆಲ್‌ರಿಗೆ ಕಂಪ್ಯೂಟರಿನಲ್ಲಿ ಮೂಡಿಸಲು ಒಂದು ವಸ್ತು ಬೇಕಿತ್ತು. ಚಹಾದ ಪಾತ್ರೆಗಳನ್ನೇ ಬಿಡಿಸಬಾರದೇಕೆ ಎಂದು ಸೂಚಿಸಿದವರು ಪತ್ನಿ ಸಾಂಡ್ರಾ. ಅವರು ಟೀ ಪಾಟನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಿ, ಅಂಕಿಗಳಾಗಿಸಿ, ಇತರರಿಗೂ ಹಂಚಿದರು. ಆ ಪಾಟ್ ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

'ಗ್ಲಟ್' ಎಂಬ ಸಾಫ್ಟ್‌ವೇರ್ ಸಂಗ್ರಹದಲ್ಲಿ ಒಂದೇ ಸಾಲಿನ ಆದೇಶಕ್ಕೆ ಟೀ ಪಾಟ್ ಪರದೆಯಲ್ಲಿ ಮೂಡುತ್ತದೆ. ಆಟ ಆರಂಭವಾಗುವುದೇ ಅಲ್ಲಿಂದ. ದೀಪವನ್ನು ಎಡಕ್ಕೆ ಸರಿಸಿದರೆ ಯಾವ ಬದಿ ಹೊಳೆಯುತ್ತದೆ? ಪಾಟನ್ನು ಮೊದಲು ತಿರುಗಿಸಿ ಆಮೇಲೆ ಸರಿಸಿದರೆ ಎಲ್ಲಿರುತ್ತದೆ? ಮೊದಲು ಸರಿಸಿ ಆಮೇಲೆ ತಿರುಗಿಸಿದರೆ?

ನೀವೂ ಪರೀಕ್ಷಿಸಿ ನೋಡಿ. ಕೋಣೆಯ ನಡುವೆ ನಿಂತು ಬಲಕ್ಕೆ ತಿರುಗಿ ಎರಡು ಹೆಜ್ಜೆ ನಡೆಯಿರಿ. ಮತ್ತೆ ಮೊದಲಿನಂತೆಯೇ ನಿಂತು, ಈ ಬಾರಿ ಎರಡು ಹೆಜ್ಜೆ ನಡೆದು ಬಲಕ್ಕೆ ತಿರುಗಿ. ತಲುಪಿದ ಜಾಗ ಬೇರೆಯೇ ತಾನೇ? ಮ್ಯಾಟ್ರಿಕ್ಸ್‌ಗಳ ಗುಣಾಕಾರದಲ್ಲೂ ಹಾಗೆಯೇ, ಸಾಮಾನ್ಯವಾಗಿ ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ. ಕಣ್ಣಾರೆ ಕಂಡ ಮೇಲೆ ಸೂತ್ರ ಬಾಯಿಪಾಠದ ಹೊರೆಯಾಗಿ ಉಳಿಯುವುದಿಲ್ಲ.

ಮಾಡಿ ನೋಡಿ ಕಲಿಯುವುದು ನಮಗೆ ಹೊಸತಲ್ಲ. ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್, 11ನೇ ಶತಮಾನದಲ್ಲಿ ಬೆಳಕನ್ನು ಪ್ರಯೋಗಗಳ ಮೂಲಕ ಪರೀಕ್ಷಿಸಿಯೇ 'ಕಿತಾಬುಲ್ ಮನಾಝಿರ್' ಬರೆದರು. ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ತಲುಪಿದಾಗ ನಾವು ಕಾಣುತ್ತೇವೆ ಎಂದು ವಿವರಿಸಿದರು. ಪರದೆಯ ಮೇಲಿನ ಪಾಟ್‌ಗೆ ಹೊಳಪು ನೀಡುವ ಲೆಕ್ಕಗಳ ಬುಡದಲ್ಲಿರುವುದೂ ಇದೇ ತಿಳುವಳಿಕೆ.

ಹಾಗೆಂದು ಕಂಪ್ಯೂಟರ್ ಮುಂದಿನ ಎಲ್ಲ ಆಟವೂ ಕಲಿಕೆಯಲ್ಲ. ಅದಕ್ಕೊಂದು ಪ್ರಶ್ನೆ ಬೇಕು, ಕೊನೆಗೆ ಕಂಡದ್ದನ್ನು ಲೆಕ್ಕವಾಗಿ ಬರೆಯುವ ಶಿಸ್ತೂ ಬೇಕು. ಸಹೋದರಿಯರೇ, ಇದನ್ನು ತಿಳಿಯಲು ನಿಮಗೆ ಗ್ರಾಫಿಕ್ಸ್ ಗೊತ್ತಿರಬೇಕಿಲ್ಲ. 'ಏನು ಬದಲಾಯಿಸಿದೆ ಮಗಳೇ, ಯಾಕೆ ಹಾಗಾಯಿತು?' ಎಂದು ಕೇಳಿ. ಅವಳು ವಿವರಿಸತೊಡಗಿದರೆ ಓದು ಸಾಗುತ್ತಿದೆ ಎಂದೇ ಅರ್ಥ.