ಎಂಬ್ರೇಸ್ ಬೇಬಿ ವಾರ್ಮರ್

ಎಂಬ್ರೇಸ್ ಬೇಬಿ ವಾರ್ಮರ್ ಅವಧಿಗೆ ಮುನ್ನ ಜನಿಸಿದ ಹಾಗೂ ಕಡಿಮೆ ತೂಕದ ಶಿಶುಗಳನ್ನು ಬೆಚ್ಚಗಿಡಲು ರೂಪಿಸಲಾದ, ಪುಟ್ಟ ಮಲಗುಚೀಲದಂತಹ ಸಾಧನ. ಇದಕ್ಕೆ ನಿರಂತರ ವಿದ್ಯುತ್ ಬೇಕಿಲ್ಲ. ಮಗುವನ್ನು ಇದರಲ್ಲಿಟ್ಟೇ ತಾಯಿ ಎತ್ತಿಕೊಳ್ಳಬಹುದು.

ಹಿನ್ನೆಲೆ

ಗರ್ಭಾವಸ್ಥೆಯ 37 ವಾರಗಳು ತುಂಬುವ ಮುನ್ನ ಹುಟ್ಟಿದ ಶಿಶುವಿನ ಚರ್ಮ ತೆಳುವಾಗಿದ್ದು, ಅದರಡಿಯ ಕೊಬ್ಬು ಅತ್ಯಲ್ಪವಾಗಿರುತ್ತದೆ. ನಡುಗಿ ಶಾಖ ಉತ್ಪಾದಿಸುವ ಶಕ್ತಿಯೂ ಅದಕ್ಕಿರುವುದಿಲ್ಲ. ಹೀಗಾಗಿ ದೊಡ್ಡವರಿಗೆ ಹಿತವೆನಿಸುವ ಕೋಣೆಯಲ್ಲಿಯೂ ಅದರ ಮೈ ತಣ್ಣಗಾಗುತ್ತದೆ. ದೇಹದ ಉಷ್ಣತೆ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಸ್ಥಿತಿಯನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಬೆಳವಣಿಗೆಗೆ ಒದಗಬೇಕಾದ ಶಕ್ತಿ ಆಗ ಮೈ ಕಾಯಿಸಿಕೊಳ್ಳುವುದರಲ್ಲೇ ವ್ಯಯವಾಗುತ್ತದೆ; ಸ್ಥಿತಿ ಮುಂದುವರಿದರೆ ಪ್ರಾಣಕ್ಕೇ ಅಪಾಯ.

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತರಗತಿಯಲ್ಲಿ, ಸಾಂಪ್ರದಾಯಿಕ ಇನ್‌ಕ್ಯುಬೇಟರ್‌ನ ಬೆಲೆಯ ಶೇ. 1ಕ್ಕೂ ಕಡಿಮೆ ವೆಚ್ಚದ ಸಾಧನವನ್ನು ವಿನ್ಯಾಸಗೊಳಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ನೀಡಲಾಗಿತ್ತು. ಜೇನ್ ಚೆನ್, ಲೈನಸ್ ಲಿಯಾಂಗ್, ನಾಗಾನಂದ ಮೂರ್ತಿ ಮತ್ತು ರಾಹುಲ್ ಪಣಿಕ್ಕರ್ ಈ ತಂಡದಲ್ಲಿದ್ದರು. ನೇಪಾಳದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್‌ಗಳು ಖಾಲಿಯಿದ್ದುದು ತಂಡದ ಗಮನಕ್ಕೆ ಬಂದಿತು. ಅವುಗಳ ಅಗತ್ಯವಿದ್ದ ಮಕ್ಕಳು ದೂರದ ಹಳ್ಳಿಗಳಲ್ಲಿ ಹುಟ್ಟುತ್ತಿದ್ದರು. ಇನ್‌ಕ್ಯುಬೇಟರ್ ಎಷ್ಟೇ ಅಗ್ಗವಾದರೂ ಅವರನ್ನು ತಲುಪುತ್ತಿರಲಿಲ್ಲ. ಆದ್ದರಿಂದ ಪೆಟ್ಟಿಗೆಯ ಕಲ್ಪನೆಯನ್ನೇ ಕೈಬಿಟ್ಟು, ಎಲ್ಲಿಗಾದರೂ ಒಯ್ಯಬಹುದಾದ ಚೀಲವನ್ನು ರೂಪಿಸಲಾಯಿತು. ತಂಡವು ಮುಂದೆ ಬೆಂಗಳೂರಿಗೆ ಬಂದು ಸಾಧನವನ್ನು ಅಭಿವೃದ್ಧಿಪಡಿಸಿತು.

ಕಾರ್ಯವಿಧಾನ

ಚೀಲದ ಬೆನ್ನಿನ ಭಾಗದಲ್ಲಿ ಮೇಣದಂತಹ ವಸ್ತು ತುಂಬಿದ ಪೊಟ್ಟಣವಿರುತ್ತದೆ. ಈ ವಸ್ತು ಮಾನವ ದೇಹದ ಉಷ್ಣತೆಯ ಆಸುಪಾಸಿನಲ್ಲಿ, ಅಂದರೆ ಸುಮಾರು 37 ಡಿಗ್ರಿಯಲ್ಲಿ ಕರಗುತ್ತದೆ. ಪೊಟ್ಟಣವನ್ನು ಮೊದಲು ಕಾಯಿಸಿ ಮೇಣವನ್ನು ಕರಗಿಸಲಾಗುತ್ತದೆ. ಮೇಣ ಮತ್ತೆ ಗಟ್ಟಿಯಾಗುವಾಗ ತನ್ನ ಗುಪ್ತೋಷ್ಣವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಪೂರ್ತಿ ಗಟ್ಟಿಯಾಗುವವರೆಗೂ ಅದರ ಉಷ್ಣತೆ ಹೆಚ್ಚು ಬದಲಾಗುವುದಿಲ್ಲ. ಬಿಸಿನೀರಿನ ಚೀಲಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ: ಬಿಸಿನೀರು ಮೊದಲು ಚರ್ಮವನ್ನು ಸುಡಬಲ್ಲದು, ಬಳಿಕ ಬೇಗನೆ ಆರಿಹೋಗುತ್ತದೆ. ಒಮ್ಮೆ ಕಾಯಿಸಿದ ಪೊಟ್ಟಣ 4ರಿಂದ 6 ಗಂಟೆಗಳ ಕಾಲ ಬೆಚ್ಚಗಿರುತ್ತದೆ.

ಮಿತಿಗಳು

ಇದು ಶಾಖವನ್ನಷ್ಟೇ ಒದಗಿಸುತ್ತದೆ. ಉಸಿರಾಟದ ತೊಂದರೆಯಿರುವ ಶಿಶುವಿಗೆ ಆಮ್ಲಜನಕ, ವೆಂಟಿಲೇಟರ್ ಹಾಗೂ ಸತತ ನಿಗಾ ಬೇಕಾಗುವುದರಿಂದ, ಇದು ನವಜಾತ ಶಿಶು ತೀವ್ರ ನಿಗಾ ಘಟಕಕ್ಕೆ ಪರ್ಯಾಯವಲ್ಲ. ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ, 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಆರಂಭವಾದ ಕಾಂಗರೂ ಆರೈಕೆಗೂ ಪರ್ಯಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯು ಆ ಆರೈಕೆಯನ್ನು ಹುಟ್ಟಿದ ಕೂಡಲೇ ಆರಂಭಿಸಲು ಶಿಫಾರಸು ಮಾಡುತ್ತದೆ. ತಾಯಿ ಅಸ್ವಸ್ಥಳಾಗಿದ್ದಾಗ ಅಥವಾ ಮಗುವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಇಂತಹ ಚೀಲ ಹೆಚ್ಚು ಉಪಯುಕ್ತ.