ಪುಸ್ತಕ ಮುಚ್ಚಿ ಹೇಳಿಕೊಡು

ಮಾರ್ಚ್ ಹತ್ತಿರವಾದಂತೆ ಚಾಮರಾಜಪೇಟೆಯ ಹಳೆಯ ಮನೆಗಳ ಜಗಲಿಗಳಲ್ಲಿ ಕಂಬೈಂಡ್ ಸ್ಟಡಿ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳು ಇಬ್ಬರೋ ಮೂವರೋ ಸೇರಿ ನೋಟ್ಸು, ಗೈಡು ಹರಡಿಕೊಂಡು ಕೂರುತ್ತಾರೆ. ಅಂಥ ಒಂದು ಜಗಲಿಯಲ್ಲಿ ಮಾತು ಹೀಗೆ ಸಾಗುತ್ತದೆ. ಒಬ್ಬಳು ಗೆಳತಿಗೆ ವಿದ್ಯುತ್ತಿನ ಪಾಠ ಹೇಳಿಕೊಡುತ್ತಿದ್ದಾಳೆ. ಸಮಾಂತರ ಜೋಡಣೆಯ ಸೂತ್ರ ಬರೆದು, 6 ಓಮ್ ಜೊತೆ 3 ಓಮ್ ಸೇರಿದರೆ ಒಟ್ಟು ರೋಧ 2 ಓಮ್ ಎಂದು ಲೆಕ್ಕ ಮಾಡಿ ತೋರಿಸುತ್ತಾಳೆ. ಗೆಳತಿಗೆ ಸಮಾಧಾನವಿಲ್ಲ. “ಅಲ್ಲ ಕಣೇ, ಇನ್ನೊಂದು ರೆಸಿಸ್ಟರ್ ಸೇರಿಸಿದ್ರೆ ರೆಸಿಸ್ಟೆನ್ಸ್ ಜಾಸ್ತಿ ಆಗ್ಬೇಕಲ್ವಾ? ಕಮ್ಮಿ ಹೇಗಾಗತ್ತೆ?”

ಹೇಳಿಕೊಡುತ್ತಿದ್ದವಳು ತಡವರಿಸುತ್ತಾಳೆ. ಈ ಲೆಕ್ಕಕ್ಕೆ ಅವಳಿಗೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದಿದೆ, ಆದರೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಬೀದಿಯ ಕಡೆ ನೋಡುತ್ತಾಳೆ. 1892ರಲ್ಲಿ ನಕ್ಷೆ ಹಾಕಿ ಕಟ್ಟಿದ ಬಡಾವಣೆ ಇದು. ಮೇನ್ ರೋಡುಗಳು ಒಂದರ ಪಕ್ಕ ಒಂದು ಸಾಲಾಗಿ ಹೋಗುತ್ತವೆ. “ಮೂರನೇ ಮೇನ್ ಒಂದೇ ಇದ್ದಿದ್ರೆ ಗಾಡಿಗಳೆಲ್ಲ ಅದ್ರಲ್ಲೇ ಹೋಗ್ಬೇಕಿತ್ತು. ಪಕ್ಕದಲ್ಲಿ ನಾಲ್ಕನೇ ಮೇನೂ ಇದೆ. ಅದು ಎಷ್ಟೇ ಇಕ್ಕಟ್ಟಾಗಿರ್ಲಿ, ಅದ್ರಲ್ಲೂ ಒಂದಷ್ಟು ಹೋಗತ್ತೆ. ಒಟ್ಟು ಹೋಗೋದು ಜಾಸ್ತಿ ಆಯ್ತಲ್ಲ!” ಗೆಳತಿಗೆ ಅರ್ಥವಾಯಿತು. ಹೇಳಿದವಳಿಗೂ ಅರ್ಥವಾದದ್ದು ಆಗಲೇ.

ಹೇಳಿಕೊಡುವಾಗ ತಲೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ದಶಕಗಳಿಂದ ಅಳೆಯುತ್ತಿದ್ದಾರೆ. ಸಹಪಾಠಿಗಳು ಮತ್ತು ಹಿರಿಯ ವಿದ್ಯಾರ್ಥಿಗಳು ಪಾಠ ಹೇಳಿದ ಪ್ರಯೋಗಗಳನ್ನು ಕೋಹೆನ್ ಮತ್ತು ಕುಲಿಕ್ ದಂಪತಿ ಎಂಬ ಸಂಶೋಧಕರು 1982ರಲ್ಲಿ ಒಟ್ಟುಗೂಡಿಸಿ ನೋಡಿದರು. ಹೇಳಿಸಿಕೊಂಡವರು ಮುಂದೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಹೇಳಿಕೊಟ್ಟವರ ಕಲಿಕೆಯನ್ನೂ ಅಳೆದಿದ್ದ 38 ಅಧ್ಯಯನಗಳ ಪೈಕಿ 33ರಲ್ಲಿ ಅವರೂ ಮುಂದೆ ಬಂದಿದ್ದರು.

ಇದಕ್ಕೆ ಮೊದಲ ಕಾರಣ, ನಮಗೆ ತಿಳಿದಿದೆ ಎಂಬ ಭ್ರಮೆ ಒಡೆಯುವುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೋಸೆನ್‌ಬ್ಲಿಟ್ ಮತ್ತು ಕೈಲ್ ಎಂಬ ಸಂಶೋಧಕರು ಜಿಪ್, ಹೊಲಿಗೆ ಯಂತ್ರ, ಶೌಚಾಲಯದ ಫ್ಲಶ್ ಮುಂತಾದವು ಹೇಗೆ ಕೆಲಸ ಮಾಡುತ್ತವೆಂದು ನಿಮಗೆಷ್ಟು ಗೊತ್ತು ಎಂದು ಜನರನ್ನು ಕೇಳಿದರು. ಹೆಚ್ಚಿನವರು ತಮಗೆ ಧಾರಾಳವಾಗಿ ಅಂಕ ಕೊಟ್ಟುಕೊಂಡರು. ಹೆಜ್ಜೆ ಹೆಜ್ಜೆಯಾಗಿ ವಿವರಿಸಿ ಬರೆಯಿರಿ ಎಂದಾಗ ಆ ಅಂಕವನ್ನು ತಾವೇ ಇಳಿಸಿಕೊಂಡರು. 2002ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಪರೀಕ್ಷೆಗೆ ಓದುವ ಪ್ರತಿ ಮಗುವಿಗೂ ಹೇಳಬೇಕು. ನೋಟ್ಸನ್ನು ನಾಲ್ಕು ಸಲ ತಿರುವಿಹಾಕಿದರೆ ಸಾಲುಗಳು ಪರಿಚಿತವಾಗುತ್ತವೆ, ಆ ಪರಿಚಯವನ್ನೇ ಮನಸ್ಸು ತಿಳಿವಳಿಕೆ ಎಂದುಕೊಳ್ಳುತ್ತದೆ. ಎದುರಿಗೆ ಕೂತ ಗೆಳತಿ “ಹೇಗೆ?” ಎನ್ನುವವರೆಗೆ ಅದು ಭ್ರಮೆಯೆಂದು ಗೊತ್ತಾಗುವುದೇ ಇಲ್ಲ.

ಎರಡನೆಯ ಕಾರಣವನ್ನು ಸಿಂಗಪುರದ ಸಂಶೋಧಕರು 2018ರಲ್ಲಿ ಸೊಗಸಾಗಿ ಬಿಡಿಸಿ ತೋರಿಸಿದರು. ಶಬ್ದದ ಅಲೆ ಮತ್ತು ಡಾಪ್ಲರ್ ಪರಿಣಾಮದ ಬಗ್ಗೆ ವಿದ್ಯಾರ್ಥಿಗಳಿಗೆ ಓದಲು ಕೊಟ್ಟು, ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪು ಯಾವ ಟಿಪ್ಪಣಿಯೂ ಇಲ್ಲದೆ ಪಾಠ ಹೇಳಿತು. ಇನ್ನೊಂದು, ಬರೆದುಕೊಟ್ಟ ಪಾಠವನ್ನು ನೋಡಿಕೊಂಡು ಹೇಳಿತು. ಮೂರನೆಯದು ನೆನಪಿದ್ದದ್ದನ್ನೆಲ್ಲ ಹಾಳೆಯ ಮೇಲೆ ಬರೆಯಿತು. ನಾಲ್ಕನೆಯದು ಸಂಬಂಧವಿಲ್ಲದ ಲೆಕ್ಕ ಮಾಡುತ್ತ ಕೂತಿತು. ವಾರದ ಬಳಿಕ ಪರೀಕ್ಷೆ ಇಟ್ಟಾಗ, ನೋಡದೆ ಪಾಠ ಹೇಳಿದವರೂ ನೆನಪಿನಿಂದ ಬರೆದವರೂ ಸರಿಸಮವಾಗಿ ಮುಂದಿದ್ದರು. ನೋಡಿಕೊಂಡು ಹೇಳಿದವರು ಅವರನ್ನು ಮುಟ್ಟಲಿಲ್ಲ. ಅಂದರೆ ಲಾಭ ಬಂದದ್ದು ನೆನಪನ್ನು ಕೆದಕಿ ತೆಗೆಯುವ ಶ್ರಮದಿಂದ. ಬರೀ ಬಾಯಾಡಿಸಿದ್ದರಿಂದ ಅಲ್ಲ. ಮನೆಯಲ್ಲಿ ಅಣ್ಣನೋ ಅಕ್ಕನೋ ಪುಸ್ತಕ ಹಿಡಿದು ಓದಿ ಹೇಳುವ ಪಾಠ ತಮ್ಮನಿಗೆ ಉಪಯೋಗವಾದೀತು, ಹೇಳಿದವರಿಗೆ ಅಷ್ಟಾಗಿ ದಕ್ಕದು.

ಹಾಗಾದರೆ ಹೇಳಿಕೊಡುವ ಅವಕಾಶ ಯಾರಿಗೆ ಸಿಗಬೇಕು? ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆ ಇದು. ನಮ್ಮ ತರಗತಿಗಳಲ್ಲಿ ಗುಂಪಿನ ಲೀಡರ್ ಯಾವಾಗಲೂ ಮೊದಲ ರ‍್ಯಾಂಕಿನ ಮಗುವೇ. ಆದರೆ ಸ್ಟ್ಯಾನ್‌ಫರ್ಡ್‌ನ ಡೇನಿಯಲ್ ಶ್ವಾರ್ಟ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ದಾರಿ ತೋರಿಸುತ್ತದೆ. ಅವರು ಬಳಸಿದ್ದು ‘ಬೆಟ್ಟಿ’ ಎಂಬ ಕಂಪ್ಯೂಟರ್ ಶಿಷ್ಯೆಯನ್ನು. ಯಾವುದರಿಂದ ಏನಾಗುತ್ತದೆಂದು ಗೆರೆ ಎಳೆದು ನಕ್ಷೆ ಮಾಡಿ ಮಕ್ಕಳು ಅವಳಿಗೆ ಜೀವಶಾಸ್ತ್ರ ಕಲಿಸಬೇಕು, ಅವಳು ಆ ನಕ್ಷೆಯಂತೆ ಉತ್ತರ ಕೊಡುತ್ತಾಳೆ. ಅದೇ ತಂತ್ರಾಂಶ, ಅದೇ ಪಾಠ. ಕೆಲವರಿಗೆ ಬೆಟ್ಟಿಗೆ ಕಲಿಸಿರೆಂದರು, ಉಳಿದವರಿಗೆ ನಿಮಗಾಗಿಯೇ ಕಲಿಯಿರೆಂದರು. ಬೆಟ್ಟಿಗಾಗಿ ದುಡಿದವರು ಓದಿನಲ್ಲಿ ಹೆಚ್ಚು ಹೊತ್ತು ಕಳೆದರು, ಹೆಚ್ಚು ಕಲಿತರು. ಓದಿನಲ್ಲಿ ಹಿಂದಿದ್ದ ಮಕ್ಕಳಲ್ಲಿ ಈ ಪರಿಣಾಮ ಎಲ್ಲಕ್ಕಿಂತ ದೊಡ್ಡದಾಗಿತ್ತು. ಬೆಟ್ಟಿ ತಪ್ಪು ಹೇಳಿದರೆ ಸೋತದ್ದು ಬೆಟ್ಟಿ, ತಾನಲ್ಲ. ಆದ್ದರಿಂದ ಮಗುವಿಗೆ ಆ ತಪ್ಪನ್ನು ನೇರವಾಗಿ ನೋಡುವ ಧೈರ್ಯ ಬರುತ್ತದೆ, ಅವಳ ಸಲುವಾಗಿ ಮತ್ತೆ ಓದುತ್ತದೆ.

ಹೇಳಿಕೊಡುವ ಸರದಿ ಎಲ್ಲರಿಗೂ ಸಿಗುವ ಇಂಥ ಸಮಾನತೆ ನಮ್ಮ ನಾಡಿನ ಹಳೆಯ ಕ್ರಮದಲ್ಲಿ ಇತ್ತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರ ನವೆಂಬರಿನಲ್ಲಿ ಗೇರುಸೊಪ್ಪೆಯಿಂದ ಘಟ್ಟ ಹತ್ತಿ ಕೆಳದಿ ಅರಸರ ಇಕ್ಕೇರಿಗೆ ಹೋಗುವಾಗ, ದೇವಸ್ಥಾನವೊಂದರ ಮುಂದೆ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಕಂಡ. ಮೇಷ್ಟರಿರಲಿಲ್ಲ. ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತಿದ್ದರು. ಮರೆತರೆ ತಿದ್ದುವವರು ಯಾರು ಎಂದು ಕೇಳಿದ. ನಾಲ್ವರಿಗೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ ಎಂದರಂತೆ. ಅಲ್ಲಿ ಲೀಡರ್ ಎಂಬ ಒಬ್ಬನಿಲ್ಲ.

ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ, ಮದ್ರಾಸಿನ ಎಗ್ಮೋರಿನಲ್ಲಿ ಅನಾಥಾಲಯ ನೋಡಿಕೊಳ್ಳುತ್ತಿದ್ದ ಪಾದ್ರಿ ಆ್ಯಂಡ್ರೂ ಬೆಲ್, ಮರಳಿನಲ್ಲಿ ಬರೆದು ಕಲಿಯುವ ಸ್ಥಳೀಯ ಮಕ್ಕಳನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಪ್ರಕಟಿಸಿದ. ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಅವನ ಶಾಲೆಯ ಕ್ರಮ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಶಾಲೆಗಳಿಗೆ ಹಬ್ಬಿತು. ಕಡಿಮೆ ಖರ್ಚಿನಲ್ಲಿ ಹೆಚ್ಚು ಮಕ್ಕಳಿಗೆ ಅಕ್ಷರ ಸಿಕ್ಕಿತು ನಿಜ. ಆದರೆ ಅಲ್ಲಿ ಮಾನಿಟರ್ ಹುಟ್ಟಿಕೊಂಡ. ಮೇಷ್ಟರು ಹೇಳಿದ್ದನ್ನು ಕೆಳಗಿನವರಿಗೆ ಒಪ್ಪಿಸುವುದಷ್ಟೇ ಅವನ ಕೆಲಸ. ಪ್ರಶ್ನೆ ಕೇಳುವ ಗೆಳೆಯ ಆ ಸಾಲಿನಲ್ಲಿ ಕಾಣೆಯಾದ.

ಹೇಳಿಕೊಡುವುದರಿಂದ ವ್ಯಕ್ತಿತ್ವ ಬೆಳೆಯುತ್ತದೆಯೇ? ಮೊದಲು ಹೇಳಿದ 1982ರ ವಿಶ್ಲೇಷಣೆ ಇಲ್ಲಿ ಪ್ರಾಮಾಣಿಕವಾಗಿದೆ: ಆ ವಿಷಯದ ಮೇಲಿನ ಪ್ರೀತಿ ಚೆನ್ನಾಗಿ ಬೆಳೆದಿತ್ತು, ತಮ್ಮ ಬಗೆಗಿನ ಅಭಿಮಾನದ ಏರಿಕೆ ಸಣ್ಣದು. ಆದರೆ ಸಣ್ಣ ಜವಾಬ್ದಾರಿಯೂ ಕೆಲಸ ಮಾಡುತ್ತದೆ. ಅಮೆರಿಕದ 1,982 ಹೈಸ್ಕೂಲು ವಿದ್ಯಾರ್ಥಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಿರಿಯರಿಗೆ ಓದಿನ ಬಗ್ಗೆ ಕೆಲವೇ ನಿಮಿಷ ಸಲಹೆ ಬರೆದುಕೊಟ್ಟವರ ಅಂಕಗಳೇ ಆ ಕಲಿಕಾ ಅವಧಿಯಲ್ಲಿ ಏರಿದವು. ಯಾವಾಗಲೂ ಉಪದೇಶ ಕೇಳುವ ಮಗುವನ್ನು ಒಮ್ಮೆ ಹೇಳುವ ಜಾಗದಲ್ಲಿ ಕೂರಿಸಿದ್ದರ ಫಲ ಅದು.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಮಕ್ಕಳೇ ಮಕ್ಕಳಿಗೆ ಹೇಳಿಕೊಡುವುದು ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ, ಶಿಕ್ಷಕರ ನೆರವಿನ ಗುಂಪುಗಳ ಜೊತೆಗೆ ಸಹಪಾಠಿಗಳ ನೆರವಿನಿಂದಲೇ ಕಲಿಯುವ ಗುಂಪುಗಳೂ ಇವೆ. ಪುಟಾಣಿಗಳಿಗೆ ಒಗ್ಗಿದ ಈ ಕ್ರಮ ಮೇಲಿನ ತರಗತಿಗೆ ಬಂದಾಗ ನಿಲ್ಲಬೇಕಾದ ಕಾರಣವಿಲ್ಲ. ಜಗಲಿಯಲ್ಲಿ ಕೂತ ಮಕ್ಕಳೂ ಪಾಠಕ್ಕೊಬ್ಬರಂತೆ ಸರದಿ ಹಾಕಿಕೊಳ್ಳಬಹುದು. ನಿನ್ನೆ ಗೊತ್ತಿಲ್ಲದವಳು ಇವತ್ತು ಹೇಳಲಿ, ಪುಸ್ತಕ ಮುಚ್ಚಿರಲಿ, ತಡವರಿಸಿದಾಗ ಉಳಿದವರು ತಕ್ಷಣ ಬಾಯಿ ಹಾಕದಿರಲಿ. ಇದರಲ್ಲಿ ಒಂದು ಅಪಾಯವಿದೆ, ಮಕ್ಕಳು ತಪ್ಪು ವಿವರಣೆಯನ್ನೇ ಒಬ್ಬರಿಗೊಬ್ಬರು ಗಟ್ಟಿ ಮಾಡಿಕೊಳ್ಳಬಹುದು. ಅದಕ್ಕೆ ಮೇಷ್ಟರೋ ಮನೆಯ ದೊಡ್ಡವರೋ ಕೊನೆಯಲ್ಲಿ ಹತ್ತು ನಿಮಿಷ ಕೂತು, ಏನೇನು ಹೇಳಿಕೊಂಡಿರಿ ಎಂದು ಕೇಳಿಸಿಕೊಳ್ಳಬೇಕು.